ಟವೆಲ್ ಬಿದ್ದ ಸೀಟು

ಮೊನ್ನೆ ಹೊಳಲ್ಕೆರೆಯಲ್ಲಿ, ದುರ್ಗಕ್ಕೆ ಹೊರಟ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ. ಹೊರಗಿನಿಂದ ಒಂದು ಟವೆಲ್ ಹಾರಿಬಂದು ನನ್ನ ಪಕ್ಕದ ಸೀಟಿನ ಮೇಲೆ ಬಿತ್ತು. ಅರ್ಧ ಒಣಗಿದ ಟವೆಲ್. ಬಟ್ಟೆ ಸೋಪಿನ ವಾಸನೆಗೂ ಬೀಡಿಯ ವಾಸನೆಗೂ ಅದರಲ್ಲಿ ಇನ್ನೂ ರಾಜಿಯಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ತಲೆ ಹೊರಹಾಕಿ ಅದನ್ನು ಎಸೆದವನನ್ನು ಕೇಳಿದೆ: "ಯಾತರ ಮೇಲೆ ನಿಂತಿದ್ದೀಯಪ್ಪಾ?"

ಅವನು ಏನು ಹೇಳಿದ ಎಂಬುದು ಆಮೇಲೆ. ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ನೀವು ತೀರ್ಮಾನಿಸುವ ಮುಂಚೆ ನನ್ನ ಕಡೆಯ ಮಾತನ್ನೂ ಕೇಳಿಬಿಡಿ.

ನಮ್ಮ ಕಡೆ ಬಸ್ಸಿನ ಬಾಗಿಲಿನಿಂದ ಹತ್ತುವುದು ದೇಹ ಮಾತ್ರ. ಹಕ್ಕು ಹತ್ತುವುದು ಕಿಟಕಿಯಿಂದ. ಟವೆಲ್, ಕರ್ಚೀಫು, ಕೊಡೆ, ಸೊಪ್ಪಿನ ಕಟ್ಟು, ಯಾವುದು ಮೊದಲು ಬಿತ್ತೋ ಸೀಟು ಅದರದು. ಅಣ್ಣತಮ್ಮಂದಿರ ಹೊಲದ ಬದುವನ್ನು ಕೋರ್ಟಿಗೆ ಎಳೆಯುವವರೂ ಸೀಟಿನ ಮೇಲಿನ ಟವೆಲಿಗೆ ಎದುರಾಡುವುದಿಲ್ಲ. ಒಬ್ಬರು ಒಂಟಿ ಚಪ್ಪಲಿ ಎಸೆದು, ಆಮೇಲೆ ಕುಂಟುತ್ತಾ ಹತ್ತಿಬಂದು, ಬಹಳ ಗಂಭೀರವಾಗಿ ಅದರ ಪಕ್ಕ ಕೂತದ್ದನ್ನು ನಾನೇ ಕಂಡಿದ್ದೇನೆ.

ಇದು ಎಷ್ಟೋ ವರ್ಷಗಳ ಹಿಂದಿನ ಮಾತು. ಆಗ ನಾನು ದುರ್ಗದಲ್ಲಿ ಓದುತ್ತಿದ್ದೆ. ಶನಿವಾರ ಮಧ್ಯಾಹ್ನ ಹೊಸದುರ್ಗಕ್ಕೆ, ಊರಿಗೆ. ನಾವು ಹೋಗುತ್ತಿದ್ದ ಖಾಸಗಿ ಬಸ್ಸಿಗೆ ಸೆಲ್ಫ್ ಹತ್ತುತ್ತಿರಲಿಲ್ಲ, ಕೀಲಿ ತಿರುಗಿಸಿದರೆ ಎಂಜಿನ್ ಏಳುತ್ತಿರಲಿಲ್ಲ. ಹಾಗಾಗಿ ಜೋಗಿಮಟ್ಟಿ ಕಡೆಯ ಒಂದು ಇಳಿಜಾರಿನಲ್ಲಿ ಅದನ್ನು ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದರು. ಹೊರಡುವಾಗ ಕಲ್ಲು ತೆಗೆದರೆ ಬಸ್ಸು ತಾನಾಗಿ ಉರುಳಿ ಸ್ಟಾರ್ಟ್ ಆಗುತ್ತಿತ್ತು. ಹ್ಯಾಂಡ್ ಬ್ರೇಕ್ ಇರಲಿಲ್ಲವೆ ಎಂದರೆ, ಇತ್ತು. ಡ್ರೈವರ್ ಅದಕ್ಕೆ ತನ್ನ ಊಟದ ಚೀಲ ನೇತುಹಾಕುತ್ತಿದ್ದ.

ಅಂಥ ಒಂದು ಶನಿವಾರ ನಾನು ಒಳಗೆ ಕಿಟಕಿ ಪಕ್ಕ ಕೂತಿದ್ದೆ, ಬಾಗಿಲಲ್ಲಿ ಹತ್ತುವವರ ನೂಕಾಟ. ಹೊರಗಿನಿಂದ ಒಬ್ಬಾಕೆ ಕಿಟಕಿಯೊಳಗೆ ಏನನ್ನೋ ತೂರಿಸಿದಳು. ಟವೆಲ್ ಅಲ್ಲ, ಕೂಸು.

"ತಂಗೀ, ಇದನ್ನೊಂಚೂರು ಹಿಡ್ಕಳಮ್ಮ. ಪಕ್ಕದ್ ಸೀಟು ನಮ್ದು ಅನ್ನು."

ಕೂಸು ನನ್ನ ಮುಖ ನೋಡಿತು, ಅಷ್ಟೇನೂ ಮೆಚ್ಚಲಿಲ್ಲ, ನನ್ನ ದುಪಟ್ಟಾ ಬಾಯಿಗೆ ಹಾಕಿಕೊಂಡಿತು. ಅಷ್ಟರಲ್ಲಿ ನನ್ನ ಹಿಂದಿನ ಸೀಟಿಗೆ ಒಂದು ಟವೆಲ್ ಬಂದು ಬಿತ್ತು; ಬೆನ್ನಿಗೇ ಬಸ್ಸು ಮೆಲ್ಲಗೆ ಅಲುಗಿತು.

"ಪರವಾಗಿಲ್ಲ, ಇವತ್ತು ಟೈಮಿಗೆ ಬಿಟ್ರು," ಎಂದಳು ಮುಂದಿನ ಸೀಟಿನ ಅಜ್ಜಿ.

ನಾನು ಕಿಟಕಿಯಾಚೆ ನೋಡಿದೆ. ಟೀ ಅಂಗಡಿಯ ಮುಂದೆ, ಕೈಯಲ್ಲಿ ಗ್ಲಾಸು ಹಿಡಿದು ನಮ್ಮನ್ನೇ ನೋಡುತ್ತಾ ನಿಂತಿದ್ದವನು ಡ್ರೈವರ್.

"ಅಜ್ಜಿ, ಡ್ರೈವರ್ ಹೊರಗಿದಾನೆ."

"ಹಂಗಾರೆ ಓಡ್ಸ್ತಿರೋರ್ ಯಾರೇ?"

ನಮ್ಮ ಮುಂದೆ ಖಾಲಿ ಡ್ರೈವರ್ ಸೀಟು, ತನ್ನಷ್ಟಕ್ಕೆ ತಿರುಗುವ ಸ್ಟೇರಿಂಗು. ಇಳಿಜಾರಿನ ಕೊನೆಗೆ ದೊಡ್ಡ ಮೋರಿ. ಕೂಸಿನ ತಾಯಿ ಕಿಟಕಿಯ ಪಕ್ಕ ಓಡಿಬರುತ್ತಿದ್ದಳು. ಎರಡೂ ಕೈ ಮೇಲಕ್ಕೆ. "ಕೊಡಮ್ಮ, ಇತ್ಲಾಗೆ ಕೊಡು." ನಾನು ಕೂಸನ್ನು ಎತ್ತಿದೆ. ಅದರ ತಲೆ ಕಿಟಕಿಯ ಆಚೆ, ಕಾಲು ಈಚೆ. ಕೆಳಗೆ ನೆಲ ಸರಸರನೆ ಹಿಂದಕ್ಕೆ ಓಡುತ್ತಿತ್ತು. ಅಷ್ಟರಲ್ಲಿ ಅವಳು ಎಡವಿದಳು. "ಬ್ಯಾಡ, ಕೊಡಬ್ಯಾಡ, ಗಟ್ಟಿಗ್ ಹಿಡ್ಕ," ಎಂದು ಅವಳು ಕೂಗಿದ್ದು ಹಿಂದಿನಿಂದ ಕೇಳಿಸಿತು.

ಈ ಕ್ಷಣ ಇವತ್ತಿಗೂ ನನ್ನೊಳಗೆ ಓಡುತ್ತಲೇ ಇದೆ. ಈಗ ಓಡುವಾಗ ನಾನು ಕೂಸನ್ನು ಅಜ್ಜಿಯ ಕೈಗಿತ್ತು, ಡ್ರೈವರ್ ಸೀಟಿಗೆ ಜಿಗಿದು ಬ್ರೇಕ್ ಒತ್ತುತ್ತೇನೆ. ಜನ ಹಾರ ಹಾಕುತ್ತಾರೆ. ನಿಜಕ್ಕೂ ಮಾಡಿದ್ದೇನೆಂದರೆ, ಕೂಸನ್ನು ಒಳಗೆಳೆದು ಎದೆಗೆ ಅವುಚಿಕೊಂಡು, ಮುಂದಿನ ಸೀಟಿನ ಕಂಬಿಯನ್ನು, ಅದೇ ಬ್ರೇಕ್ ಎಂಬಂತೆ, ಬಲಗಾಲಿನಿಂದ ಬಲವಾಗಿ ಒತ್ತಿದ್ದು. ನಾನು ಓದುತ್ತಿದ್ದುದು ಭೌತಶಾಸ್ತ್ರ.

ಬಸ್ಸನ್ನು ನಿಲ್ಲಿಸಿದ್ದು ಜಲ್ಲಿ. ರಸ್ತೆ ಮಾಡುತ್ತೇವೆಂದು ಯಾರೋ ಸುರಿದು ಮರೆತಿದ್ದ ರಾಶಿ. ಅದನ್ನು ಎಡವಿ ಬಿದ್ದು ಮಂಡಿ ತರಚಿಕೊಳ್ಳದವರು ಆ ಬೀದಿಯಲ್ಲಿರಲಿಲ್ಲ, ಬೈಯದವರೂ ಇರಲಿಲ್ಲ. ಬಸ್ಸು ಅದರೊಳಗೆ ಮೂತಿ ಹುಗಿದು, ನಿಟ್ಟುಸಿರು ಬಿಟ್ಟು ನಿಂತಿತು. ಆ ಕಾಮಗಾರಿ ಸರಿಯಾದ ಕಾಲಕ್ಕೆ ಮುಗಿದಿದ್ದರೆ ನಾನು ಮೋರಿಯಲ್ಲಿರುತ್ತಿದ್ದೆ ಎಂಬುದನ್ನು ನೆನೆದಾಗ, ಅರೆಬರೆ ರಸ್ತೆಗಳನ್ನು ಬೈಯಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ತಾಯಿ ಒಂದೇ ಚಪ್ಪಲಿಯಲ್ಲಿ ಒಳಗೆ ಬಂದಳು. ಕೂಸನ್ನು ಕಿತ್ತುಕೊಂಡು ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಪಕ್ಕ ಕುಸಿದು ಕೂತಳು. ಕೂಸು ಮಾತ್ರ ದುಪಟ್ಟಾ ಬಿಡಲೊಲ್ಲದು.

ಕೆಳಗೆ ವಿಚಾರಣೆ ನಡೆದಿತ್ತು. ತಿಪ್ಪೇಸ್ವಾಮಿ ಎಂಬ ಕುಳ್ಳನೆಯ ಯಜಮಾನರು, ನನ್ನ ಹಿಂದಿನ ಸೀಟಿಗೆ ಬಿದ್ದ ಟವೆಲಿನ ಒಡೆಯರು, ಕಿಟಕಿ ಎಟುಕದೆ ಕಾಲ ಕೆಳಗೆ ಏನಾದರೂ ಇರಲಿ ಎಂದು ಗಾಲಿಯ ಕಲ್ಲನ್ನೇ ಎಳೆದುಕೊಂಡು ಅದರ ಮೇಲೆ ನಿಂತಿದ್ದರು. ಹತ್ತುವವರ ನೂಕಾಟಕ್ಕೆ ಬಸ್ಸು ಓಲಾಡಿ ಕಲ್ಲು ಮೊದಲೇ ಸಡಿಲಾಗಿತ್ತಂತೆ.

"ಅಲ್ಲಪ್ಪ, ಕಲ್ಲು ಸುಮ್ನೆ ಬಿದ್ದಿತ್ತು," ಎಂದರು.

"ಸುಮ್ನೆ ಬಿದ್ದಿರ್ಲಿಲ್ಲ ಯಜಮಾನ್ರೆ, ಡ್ಯೂಟಿ ಮೇಲಿತ್ತು," ಎಂದ ಡ್ರೈವರ್. ಅವನ ಕೈಯಲ್ಲಿ ಟೀ ಗ್ಲಾಸು ಹಾಗೇ ಇತ್ತು, ಟೀ ಇರಲಿಲ್ಲ.

ಇನ್ನೇನು ಹೊಡೆತ ಬೀಳುತ್ತದೆ ಎನ್ನುವಾಗ ಯಜಮಾನರು ಬಸ್ಸು ಹತ್ತಿದರು. ನೇರ ನನ್ನ ಹಿಂದಿನ ಸೀಟಿಗೆ ಬಂದು, "ಇಲ್ಲೊಂದು ಟವೆಲ್ ಐತಲ್ಲ, ನಂದದು," ಎಂದರು. ಇಡೀ ಬಸ್ಸು ಅವರನ್ನು ಬೈಯಿತು. ಬೈಯುತ್ತಲೇ ಜಾಗ ಬಿಟ್ಟಿತು. ಟವೆಲ್ ಟವೆಲೇ.

ಈಗ ಹೊಳಲ್ಕೆರೆಗೆ ಬರೋಣ. ನನ್ನ ಪ್ರಶ್ನೆಗೆ ಆ ಹುಡುಗ, "ನನ್ ಕಾಲ ಮ್ಯಾಲೆ ನಿಂತೀನಕ್ಕ, ಯಾಕೆ?" ಎಂದ. ನಂಬಿಕೆ ಬರಲಿಲ್ಲ. ಇಳಿದು ಹೋಗಿ, ಸೆರಗು ಬಿಗಿದು, ಬಗ್ಗಿ ಗಾಲಿಗಳನ್ನೆಲ್ಲ ನೋಡಿದೆ. ನೆಲ ಮಟ್ಟಸ, ಕಲ್ಲಿಲ್ಲ. ಕಂಡಕ್ಟರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಮರಳಿ ಹತ್ತಿದರೆ ಹುಡುಗನ ಟವೆಲ್ ಅವನ ಹೆಗಲಲ್ಲಿ, ಹುಡುಗ ನನ್ನ ಕಿಟಕಿ ಪಕ್ಕ, ಅವನ ಪಕ್ಕ ಅವನ ಗೆಳೆಯ.

"ಅದು ನನ್ನ ಸೀಟು," ಎಂದೆ.

"ಏನಾದ್ರೂ ಹಾಕಿ ಹೋಗ್ಬೇಕಿತ್ತಕ್ಕ," ಎಂದ. ತಪ್ಪೇನೂ ಹೇಳಲಿಲ್ಲ.

ದುರ್ಗದವರೆಗೂ ನಿಂತೇ ಬಂದೆ. ಕಾಲು ನೋಯುತ್ತಿತ್ತು, ಆದರೂ ಬೇಸರವಾಗಲಿಲ್ಲ. ಕೂತವರಿಗೆ ಕಿಟಕಿ ಕಾಣುತ್ತದೆ. ನಿಂತವರಿಗೆ ಡ್ರೈವರ್ ಕಾಣುತ್ತಾನೆ.