ಯಾರ ಗೋಡೆಗೂ ತಾಗದ ಸೂರು

ವರ್ತೂರು ಕೆರೆಯ ಅಂಚಿನಲ್ಲಿ ಸೊಪ್ಪು ಬೆಳೆದು, ವೈಟ್‌ಫೀಲ್ಡಿನ ಮನೆಮನೆಗೆ ಹೊತ್ತು ಮಾರಿ, ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ ಮಾರಕ್ಕನಿಗೆ ಮುಪ್ಪಿನಲ್ಲಿ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ. ಕಾಲು ಚಾಚಿ ಕೂತು ಸೊಪ್ಪು ಬಿಡಿಸಲು ಒಂದಿಷ್ಟು ನೆರಳಿನ ಜಾಗ, ಅಷ್ಟೆ. ಆ ಜಾಗವೂ ಕಣ್ಣೆದುರೇ ಇತ್ತು. ಹಿರಿಯ ಮಗ ಚಿನ್ನಪ್ಪನ ಹೆಂಚಿನ ಮನೆಗೂ ಕಿರಿಯವನಾದ ಗೋಪಾಲಪ್ಪನ ಹೊಸ ಮೋಲ್ಡ್ ಮನೆಗೂ ನಡುವೆ ಚಪ್ಪಡಿ ಹಾಸಿದ ಸಣ್ಣ ಅಂಗಳ. ಎರಡು ಅಡುಗೆಮನೆಗಳ ಬಾಗಿಲೂ ಅಲ್ಲಿಗೇ ತೆರೆಯುತ್ತಿದ್ದವು. ಅಲ್ಲಿ ಕೂತರೆ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಯಾರು ಯಾರನ್ನು ಬೈಯುತ್ತಿದ್ದಾರೆ ಎಂಬುದೆಲ್ಲ ಕಿವಿಗೆ ಬಿದ್ದು, ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ.

ಆದರೆ ಎರಡೂ ಮನೆಯ ಮಳೆನೀರು ಬೀಳುತ್ತಿದ್ದುದೂ ಅಲ್ಲಿಗೇ. ಹೆಂಚಿನ ಸೂರು ಅಂಗಳದ ಕಡೆಗೆ ಬಾಗಿತ್ತು. ಎದುರಿಗೆ ಗೋಪಾಲಪ್ಪನ ತಾರಸಿಗೆ ಇನ್ನೂ ಪ್ಯಾರಪೆಟ್ ಗೋಡೆ ಎದ್ದಿರಲಿಲ್ಲ. ಮನೆಯ ಗೃಹಪ್ರವೇಶವಾಗಿ, ಮಗುವಿನ ಕಿವಿ ಚುಚ್ಚಿಸಿದ್ದೂ ಆಗಿ, ಆ ಗೋಡೆ ಮಾತ್ರ ‘ಬರೋ ವರ್ಷ’ಕ್ಕೇ ಉಳಿದಿತ್ತು. ಹಾಗಾಗಿ ಮಳೆ ಬಂದರೆ ತಾರಸಿಯ ಅಂಚಿನುದ್ದಕ್ಕೂ ನೀರು ಸುರಿಯುತ್ತಿತ್ತು.

ಅಣ್ಣತಮ್ಮಂದಿರ ಪಾಲಾದಾಗ ಊರ ಹಿರಿಯ ದೊಡ್ಡಮುನಿಯಪ್ಪನವರು ಈ ಅಂಗಳದ ನಡುಮಧ್ಯೆ ಒಂದು ಸುಣ್ಣದ ಗೆರೆ ಎಳೆಸಿದ್ದರು. ಸುಣ್ಣ ಆ ವರ್ಷದ ಮೊದಲ ಮಳೆಗೇ ತೊಳೆದುಹೋಯಿತು. ಗೆರೆ ಮಾತ್ರ ಇಬ್ಬರ ತಲೆಯೊಳಗೂ ಹಾಗೇ ಉಳಿಯಿತು. ಅಂಗಳದಂತೆ ತಾಯಿಯೂ ಪಾಲಾದಳು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಒಂದನೇ ತಾರೀಕು ಬಂತೆಂದರೆ, ಸರದಿ ಮುಗಿದ ಮಗ ಅವಳ ತಗಡಿನ ಟ್ರಂಕನ್ನು ಹೊತ್ತು ತಂದು, ಗ್ಯಾಸ್ ಸಿಲಿಂಡರ್ ಇಳಿಸುವವನಂತೆ ಇನ್ನೊಬ್ಬನ ಬಾಗಿಲಲ್ಲಿ ಇಳಿಸಿ ಕೈ ಒರೆಸಿಕೊಂಡು ಹೋಗುತ್ತಿದ್ದ. ಟ್ರಂಕಿನ ಹಿಂದೆ ಮಾರಕ್ಕ. ಊಟಕ್ಕೆ, ಬಟ್ಟೆಗೆ ಯಾರೂ ಕಡಿಮೆ ಮಾಡಿರಲಿಲ್ಲ, ಅದನ್ನು ಅವಳೇ ಹೇಳುತ್ತಿದ್ದಳು. ಆದರೆ ತಿಂಗಳಿಗೊಮ್ಮೆ ತನ್ನನ್ನು ಹೀಗೆ ಎತ್ತಿ ಕೊಡುವುದರಿಂದ ಮಾತ್ರ ಅವಳಿಗೆ ಬಹಳ ನೋವಾಗುತ್ತಿತ್ತು.

ಒಂದು ಮಳೆಗಾಲದಲ್ಲಿ ಟ್ರಂಕಿನ ಹಿಂದೆ ಹೋಗುವಾಗಲೇ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಳು. ಹಾಸಿಗೆ ಬಿಟ್ಟು ಎದ್ದ ದಿನವೇ ಇಬ್ಬರನ್ನೂ ಕರೆದು, ಆ ಅಂಗಳಕ್ಕೊಂದು ಸೂರು ಹಾಕಿಸಿ, ಇನ್ನೇನೂ ಕೇಳುವುದಿಲ್ಲ ಎಂದಳು. ಮಕ್ಕಳು ಕೆಟ್ಟವರಲ್ಲ. ಇಬ್ಬರೂ ಆಯಿತೆಂದರು. ಫ್ಯಾಕ್ಟರಿಯಲ್ಲಿ ಲೇತ್ ಓಡಿಸುತ್ತಿದ್ದ ಚಿನ್ನಪ್ಪ ಅಳತೆಗೆ ನಿಂತ. ಟೆಕ್ ಪಾರ್ಕ್ ಏಳುತ್ತಿದ್ದ ಕಡೆಗೆ ಜಲ್ಲಿ ಹೊಡೆಯುತ್ತಿದ್ದ ಗೋಪಾಲಪ್ಪ ತನ್ನ ಟೆಂಪೋದಲ್ಲಿ ಶೀಟು, ಕಬ್ಬಿಣ ತಂದುಹಾಕಿದ. ಸರ್ಜಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ದಾವಣಗೆರೆ ಕಡೆಯ ಮಡಿವಾಳಪ್ಪ ಬಂದ.

ಬಂದವನು ಪೀಣ್ಯದಲ್ಲಿ ತಾನು ನಿಲ್ಲಿಸಿದ ಶೆಡ್ಡುಗಳ ಪುರಾಣವನ್ನೆಲ್ಲ ಹೇಳಿ ಮುಗಿಸಿ, ಆಮೇಲೆ ತೊಲೆಯನ್ನು ಯಾರ ಗೋಡೆಗೆ ಕೂರಿಸಲಿ ಎಂದು ಕೇಳಿದ. ಅಲ್ಲಿಗೆ ಕೆಲಸ ನಿಂತಿತು. ಇವತ್ತು ನನ್ನ ಗೋಡೆಯ ಮೇಲೆ ತೊಲೆ ಕೂತರೆ ನಾಳೆ ಗೋಡೆಯಲ್ಲೇ ಪಾಲು ಕೇಳುತ್ತಾನೆ ಎಂದು ಚಿನ್ನಪ್ಪನಿಗೆ ಅನುಮಾನ. ಗೋಪಾಲಪ್ಪನಿಗೂ ಅದೇ ಅನುಮಾನ, ಜೊತೆಗೆ ಹೊಸ ಪೇಂಟಿನ ಚಿಂತೆ. ಎರಡು ಭಾನುವಾರ ಇದೇ ಚರ್ಚೆ ನಡೆದು, ಪಾಲಾದಮೇಲೆ ಮೊದಲ ಬಾರಿಗೆ ಅಣ್ಣತಮ್ಮಂದಿರು ಒಂದು ಮಾತಿಗೆ ಒಪ್ಪಿದರು: ಸೂರು ಯಾರ ಗೋಡೆಗೂ ತಾಗಕೂಡದು. ನಾಲ್ಕು ಕಂಬದ ಮೇಲೆ ತನ್ನ ಪಾಡಿಗೆ ತಾನು ನಿಲ್ಲಬೇಕು, ಎರಡೂ ಕಡೆ ಗೇಣಗಲ ಸಂದು ಇರಬೇಕು. ಬೀಳುವ ಮಳೆಯೂ ಸರಿಪಾಲಾಗಲೆಂದು ನಡುವೆ ಎತ್ತರಿಸಿ ಎರಡು ಕಡೆಗೂ ಇಳಿಜಾರು ಕೊಡಿಸಿದರು. ಕೆಲಸ ಮುಗಿದಾಗ ಒಬ್ಬರಾದಮೇಲೊಬ್ಬರು ಏಣಿ ಹತ್ತಿ ಸಂದಿನಲ್ಲಿ ಕೈಯಾಡಿಸಿ ನೋಡಿ ಸಮಾಧಾನಪಟ್ಟುಕೊಂಡರು.

ಮಡಿವಾಳಪ್ಪ ಸಾಮಾನು ಕಟ್ಟುತ್ತ ಮೇಲೆ ನೋಡಿದ. “ನಿಮ್ಮವ್ವನ ಹಂಗ ನಿಂತೈತಿ ನೋಡ್ರಿ ಇದು. ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ” ಎಂದ.

ಮೊದಲ ದೊಡ್ಡ ಮಳೆ ಬಂದದ್ದು ಒಂದು ಮಧ್ಯಾಹ್ನ. ಮಾರಕ್ಕ ಸೂರಿನ ಕೆಳಗೆ ದಂಟಿನಸೊಪ್ಪು ಬಿಡಿಸುತ್ತ ಕೂತಿದ್ದಳು. ಹೆಂಚಿನ ನೀರು ಒಂದು ಸಂದಿನಲ್ಲಿ, ತಾರಸಿಯ ನೀರು ಇನ್ನೊಂದರಲ್ಲಿ ಧೋ ಎಂದು ಸುರಿಯತೊಡಗಿತು. ಸೂರಿನದೇ ನೀರೂ ಸರಿಪಾಲಾಗಿ ಎರಡಕ್ಕೂ ಹೋಗಿ ಸೇರಿತು. ನಡುವೆ ಮಾರಕ್ಕ ಒಂದು ಹನಿಯೂ ತಾಗದೆ ಬೆಚ್ಚಗಿದ್ದಳು, ನಿಜ. ಆದರೆ ತಲೆಯಿಂದ ಕಾಲಿನವರೆಗೆ ತೊಯ್ಯದೆ ಯಾವ ಮನೆಗೂ ಹೋಗುವ ಹಾಗಿರಲಿಲ್ಲ. ಆ ತಿಂಗಳು ಹಿರಿಯ ಮಗನ ಸರದಿ. ಅವನ ಹೆಂಡತಿ ಅಂಜನಮ್ಮ ಬಾಗಿಲಲ್ಲೇ ನಿಂತು ಮುದ್ದೆಯ ತಟ್ಟೆಯನ್ನು ನೀರಿನ ನಡುವೆಯೇ ಚಾಚಿದಳು. ಅಂಜನಮ್ಮನ ಸಾರು ಮೊದಲೇ ತೆಳು. ಮಾರಕ್ಕನ ಕೈ ಸೇರುವ ಹೊತ್ತಿಗೆ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಸಂಜೆ ಮಳೆಯ ನಡುವೆಯೇ ಮಕ್ಕಳಿಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಜಗಳಕ್ಕೆ ಶುರು ಮಾಡಿದರು. ನಿನ್ನ ತಾರಸಿ ನೀರು, ನಿನ್ನ ಹೆಂಚಿನ ನೀರು ಎಂದು ಒಬ್ಬರಿಗೊಬ್ಬರು ಕೂಗಿದರು. ಸಂದಿನ ಕೆಳಗೊಂದು ತಗಡಿನ ದೋಣಿ ಕೂರಿಸಿ ನೀರನ್ನು ಆಚೆ ಹರಿಸಿದರಾಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ದೋಣಿಯ ಒಂದು ಅಂಚನ್ನು ಸೂರಿಗೆ, ಇನ್ನೊಂದನ್ನು ಗೋಡೆಗೆ ಹೊಡೆಯಬೇಕು. ಹೊಡೆದರೆ ಸೂರು ಗೋಡೆಗೆ ತಾಗಿದಂತಾಯಿತು. ಇವರು ಕೂಗುತ್ತಿದ್ದುದು ನಡುವೆ ಕೂತ ತಾಯಿಯ ತಲೆಯ ಮೇಲಿಂದಲೇ. ಮಾರಕ್ಕನಿಗೆ ನಗುವೂ ಬಂತು, ಹಿಂದೆಯೇ ಅಳುವೂ ಬಂತು.

ಮಾರನೆಯ ದಿನ ಅವಳು ಟ್ರಂಕು, ಚಾಪೆ, ಸೀಮೆಎಣ್ಣೆ ಸ್ಟವ್ ಎಳೆದುಕೊಂಡು ಬಂದು ಅಂಗಳದಲ್ಲಿ ಸಂಸಾರ ಹೂಡಿದಳು. ಮಕ್ಕಳು ಗಾಬರಿಯಿಂದ ಓಡಿ ಬಂದರು.

“ನಿನ್ ಗೋಡೆಗೂ ತಾಗಿಲ್ಲ, ಅವನ್ ಗೋಡೆಗೂ ತಾಗಿಲ್ಲ ಅಂತ ನೀವೇ ಕೈಯಾಕಿ ನೋಡಿದ್ರಲ್ಲಪ್ಪ” ಎಂದಳು ಮಾರಕ್ಕ. “ಅಂಗಂದ್ಮೇಲೆ ಇದು ನಂದು. ನನ್ ಮನೇಲಿ ನಾನಿದ್ದೀನಿ.”

ಅಂದಿನಿಂದ ಅವಳ ಮನೆ ಭರಾಟೆಯಿಂದ ನಡೆಯಿತು. ಉಪ್ಸಾರಿನ ವಾಸನೆಗೆ ಎರಡೂ ಮನೆಯ ಮೊಮ್ಮಕ್ಕಳು ತಟ್ಟೆ ಹಿಡಿದು ಬಂದವು. ಸೊಸೆಯರು ಒಬ್ಬರಿಗೆ ಕಾಣದಂತೆ ಒಬ್ಬರು ಲೋಟ ಹಿಡಿದು ಬಂದರು. ಅಂಗಳ ಬೀದಿಗೆ ತೆರೆದಿದ್ದರಿಂದ ಹೋಗಿ ಬರುವವರಿಗೆಲ್ಲ ಈ ದರ್ಶನ. ದೊಡ್ಡಮುನಿಯಪ್ಪನವರು ಕೆರೆ ಕಡೆಗೆ ಹೊರಟವರು ನಿಂತರು.

“ಏನ್ ಮಾರಕ್ಕ, ಮಕ್ಳು ಆಚೆಗಾಕ್ಬಿಟ್ರಾ?”

“ಚೆ, ಎಲ್ಲಾದ್ರೂ ಉಂಟಾ? ಬೇರೆ ಮನೇನೇ ಕಟ್ಸಿ ಕೊಟ್ಟವ್ರೆ” ಎಂದಳು ಮಾರಕ್ಕ, ಎರಡು ಅಡುಗೆಮನೆಗೂ ಕೇಳುವ ಹಾಗೆ.

ಮಾತು ಊರು ಸುತ್ತಿ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫ್ಯಾಕ್ಟರಿ ಗೇಟಿನಲ್ಲಿ ಚಿನ್ನಪ್ಪನನ್ನು ಕೇಳಿದರು. ಜಲ್ಲಿ ಇಳಿಸುವ ಕಡೆ ಗೋಪಾಲಪ್ಪನನ್ನು ಕೇಳಿದರು. ಇಬ್ಬರಿಗೂ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಮಡಿವಾಳಪ್ಪನ ಅಂಗಡಿಗೆ ಬೆಳಿಗ್ಗೆ ಒಬ್ಬ ಹೋಗಿ, ನನ್ನ ಗೋಡೆಗೇ ದೋಣಿ ಹೊಡಿ, ನಾನು ಹೇಳಿದೆ ಎಂದು ಅವನಿಗೆ ಹೇಳಬೇಡ ಎಂದ. ಸಂಜೆ ಇನ್ನೊಬ್ಬ ಹೋಗಿ ಅದನ್ನೇ ಹೇಳಿದ. ಮಡಿವಾಳಪ್ಪ ಇಬ್ಬರಿಗೂ ಆಣೆ ಮಾಡಿ, ಒಂದೇ ದಿನ ಬಂದು ಎರಡೂ ಕಡೆ ದೋಣಿ ಕೂರಿಸಿ ಹೋದ. ಗೋಪಾಲಪ್ಪನ ಹೊಸ ಪೇಂಟು ಒಂದಿಷ್ಟು ಉದುರಿತು. ಅವನು ಅದನ್ನು ನೋಡಿಯೂ ನೋಡದವನಂತೆ ಒಳಗೆ ಹೋದ.

ಆಮೇಲೆ ಮಳೆ ಬಂತು, ಅಂಗಳ ಒಣಗಿಯೇ ಇತ್ತು. ಮೊಮ್ಮಕ್ಕಳು ಈ ಅಡುಗೆಮನೆಯಿಂದ ಆ ಅಡುಗೆಮನೆಗೆ ಓಡಿ ಓಡಿ ಬೈಸಿಕೊಂಡರು. ಒಂದನೇ ತಾರೀಕು ಬಂದಾಗ ಚಿನ್ನಪ್ಪ ರೂಢಿಯಂತೆ ಟ್ರಂಕನ್ನು ಹೆಗಲಿಗೆ ಏರಿಸಿದ.

“ಎಲ್ಲಿಗೋ ಒತ್ಕೊಂಡೋಯ್ತಿದ್ದೀಯ?” ಸೊಪ್ಪಿನಿಂದ ತಲೆ ಎತ್ತದೆ ಕೇಳಿದಳು ಮಾರಕ್ಕ.

“ಗೋಪಾಲನ ಮನೆಗಮ್ಮ. ಈ ತಿಂಗಳು ಅವನ್ದಲ್ವಾ?”

“ಮೇಲೆ ನೋಡು. ಅವನ್ ಮನೆ ಎಲ್ಲಿಂದ ಸುರುವಾಯ್ತದೆ ತೋರ್ಸು, ಅಲ್ಲಿಗೇ ಇಡುವಂತೆ.”

ಚಿನ್ನಪ್ಪ ಮೇಲೆ ನೋಡಿದ. ತನ್ನ ಹೆಂಚು, ಅದಕ್ಕೆ ತಾಗಿ ದೋಣಿ, ದೋಣಿಗೆ ತಾಗಿ ಶೀಟು, ಮತ್ತೆ ದೋಣಿ, ಆಚೆ ತಮ್ಮನ ತಾರಸಿ. ನಡುವೆ ಎಲ್ಲೂ ಒಂದು ಚೂರು ಆಕಾಶ ಕಾಣಲಿಲ್ಲ. ಕೆಳಗೆ ನೋಡಿದ. ಸುಣ್ಣದ ಗೆರೆ ಇದ್ದ ಜಾಗದಲ್ಲಿ ತಾಯಿ ಕಾಲು ಚಾಚಿ ಕೂತಿದ್ದಳು. ಗೋಪಾಲಪ್ಪ ತನ್ನ ಬಾಗಿಲಿಗೆ ಬಂದು ನಿಂತಿದ್ದ. ಅವನೂ ತಲೆ ಎತ್ತಿ ಮೇಲೆ ನೋಡಿದ. ಚಿನ್ನಪ್ಪ, ಬಹಳ ಭಾರ ಇದೆ ಎಂದು ಗೊಣಗಿ, ಟ್ರಂಕನ್ನು ನಿಂತಲ್ಲೇ ಇಳಿಸಿದ.