ಗಂಡು ಹಾರ್ಮೋನು

ಸುದ್ದಿಮನೆಯಲ್ಲಿ ಶೀರ್ಷಿಕೆ ಅಂಕಣದೊಳಗೆ ಹಿಡಿಸದಿದ್ದರೆ ನಾವು ಮೊದಲು ಕತ್ತರಿಸುವುದು ವಿಶೇಷಣವನ್ನು. ‘ಭಾರಿ ಮಳೆ’ ಬರೀ ಮಳೆಯಾಗುತ್ತದೆ, ಯಾರಿಗೂ ನಷ್ಟವಿಲ್ಲ. ಊರ ಬಾಯಿಗೂ ಒಂದು ಕತ್ತರಿ ಇದೆ. ಅದು ನಾಮಪದವನ್ನು ಕತ್ತರಿಸಿ ವಿಶೇಷಣವನ್ನು ಉಳಿಸಿಕೊಳ್ಳುತ್ತದೆ. ಇದು ನನಗೆ ತಿಳಿದದ್ದು ಅಕ್ಕನ ಮಗಳು ಅಶ್ವಿನಿಯ ರಕ್ತ ಪರೀಕ್ಷೆಯಾದ ಮೇಲೆ.

ಅಶ್ವಿನಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಗಲ್ಲದ ಮೇಲೆ ಒರಟು ಕೂದಲು ಬಂದಿದ್ದವು. ಮಂಠಾಳದ ಕಡೆಯಿಂದ ಮದುವೆಯ ಮಾತು ನಡೆದಿದ್ದ ಹೊತ್ತು. ‘ಕಲ್ಯಾಣದಾಗ ತೋರ್ಸೂದು ಬ್ಯಾಡ ತಮ್ಮಾ, ಇಲ್ಲಿ ಗ್ವಾಡಿಗೂ ಕಿವಿ ಅದಾವ’ ಎಂದಳು ಅಕ್ಕ. ಹೀಗಾಗಿ ಬಸವಕಲ್ಯಾಣ ಬಿಟ್ಟು ಹುಮನಾಬಾದಿಗೆ ಹೋದೆವು. ಯಾರಾದರೂ ಕೇಳಿದರೆ ಪಕ್ಕದ ಮಾಣಿಕನಗರದ ಗುಡಿಗೆ ದರ್ಶನಕ್ಕೆ ಬಂದಿದ್ದೇವೆ ಎನ್ನಬೇಕೆಂದು ನನಗೆ ತಾಕೀತಾಗಿತ್ತು.

ಡಾಕ್ಟರು ಟೆಸ್ಟೋಸ್ಟೆರಾನ್ ಪರೀಕ್ಷೆ ಬರೆದರು. ಮುಟ್ಟು ನಿಲ್ಲುವುದಕ್ಕೆ ಬೇರೆ ಕಾರಣವೂ ಇರಬಹುದಲ್ಲ ಎಂದು ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಕೂಡ. ವರದಿ ಬಂದಾಗ ಅವೆರಡೂ ಸರಿಯಿದ್ದವು. ಮೊದಲನೆಯದು ಮಿತಿಯ ಗೆರೆಗಿಂತ ಸ್ವಲ್ಪ ಮೇಲಿತ್ತು. ‘ಇದಕ್ಕ ಪಿಸಿಓಎಸ್ ಅಂತಾರ್ರಿ ಅಮ್ಮಾರೆ. ಗಂಡು ಹಾರ್ಮೋನ್ ಅಂತಾರಲ್ಲ, ಅದು ಒಂಚೂರು ಜಾಸ್ತಿ ಅದ. ಅದು ಎಲ್ಲಾ ಹೆಣ್ಮಕ್ಕಳ ಮೈಯಾಗೂ ಇರ್ತದ, ಹೆದರಬ್ಯಾಡ್ರಿ’ ಎಂದರು ಡಾಕ್ಟರು. ಅಕ್ಕನ ಕಿವಿ ‘ಗಂಡು’ ಎಂಬಲ್ಲಿಗೇ ಮುಚ್ಚಿಹೋಗಿತ್ತು.

ಹಾರ್ಮೋನು ಎಂಬುದರ ಮೂಲ ಗ್ರೀಕಿನಲ್ಲಿದೆ. ಚಾಲನೆ ಕೊಡುವಂಥದ್ದು ಎಂದು ಅರ್ಥ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಈ ಕಾಯಿಲೆಯ ಹೆಸರೂ ದಾರಿ ತಪ್ಪಿಸುವಂಥದ್ದೇ: ‘ಪಾಲಿಸಿಸ್ಟಿಕ್ ಓವರಿ’, ಅಂಡಾಶಯದ ತುಂಬ ಗಂಟು ಎನ್ನುತ್ತದೆ. ಅವು ಗಂಟುಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಾಣುವಿನ ಪುಟ್ಟ ಚೀಲಗಳು. ಪತ್ರಿಕೆಯಲ್ಲಿ ಒಬ್ಬರ ಹೆಸರು ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಇದಕ್ಕೆ ತಿದ್ದುಪಡಿ ಯಾರು ಹಾಕಬೇಕು?

ಗೋಡೆಯ ಕಿವಿಗೆ ಹೆದರಿದ ಅಕ್ಕ ಮರಳುವ ಬಸ್ಸಿನಲ್ಲಿ ತಾನೇ ಬಾಯಿಬಿಟ್ಟಳು. ಪಕ್ಕದ ಸೀಟಿನ ಪರಿಚಯದ ಹೆಂಗಸಿಗೆ, ‘ನಿನಗಷ್ಟೇ ಹೇಳ್ತೀನಿ ನೋಡವ್ವಾ’ ಎಂದು. ಬಸ್ಸಿನಿಂದಿಳಿದ ಮಾತು ಬಳೆ ಅಂಗಡಿಯ ಉರ್ದುವಿನಲ್ಲಿ ‘ಮರ್ದಾನಾ ಹಾರ್ಮೋನ್’, ಅಂದರೆ ಗಂಡಸಿನ ಹಾರ್ಮೋನ್, ಆಯಿತು. ಮಂಠಾಳ ಮುಟ್ಟುವಷ್ಟರಲ್ಲಿ ಹಾರ್ಮೋನು ಉದುರಿಹೋಗಿ ಬರೀ ಮರ್ದಾನಾ ಉಳಿದಿತ್ತು.

ಮಂಠಾಳದ ಆ ರಸ್ತೆಯುದ್ದಕ್ಕೂ ಗೋಡೆಗಳ ಮೇಲೆ ಮರ್ದಾನಗಿ, ಗಂಡಸುತನ ಹೆಚ್ಚಿಸುವ ಔಷಧಿಯ ಜಾಹೀರಾತುಗಳಿವೆ. ಗಂಡಸರು ಕದ್ದುಮುಚ್ಚಿ ಕೊಂಡು ನುಂಗುವುದು ಯಾವುದಕ್ಕೋ, ಅದೇ ಒಂದು ಹುಡುಗಿಯ ರಕ್ತದಲ್ಲಿ ಬಿಟ್ಟಿಯಾಗಿ ಸಿಕ್ಕರೆ ಕಳಂಕ. ಇದರಲ್ಲಿ ನಗುವಂಥದ್ದೇನಾದರೂ ಇದ್ದರೆ ನನಗೆ ಇನ್ನೂ ಸಿಕ್ಕಿಲ್ಲ.

ವರನ ತಾಯಿ ಬಂದೇಬಿಟ್ಟರು. ‘ಖರೇ ಹೇಳ್ರಿ ಅಕ್ಕಾರೆ. ಹುಡುಗಿ ಮುಂದ ಗಂಡಸು ಆಗ್ತಾಳ ಅನ್ನಾಕತ್ತಾರ ಮಂದಿ. ನಮ್ಮ ಹುಡುಗನ ಗತಿ ಏನು?’

ನಾನು ವರದಿ ಹಿಡಿದು ವಿವರಿಸತೊಡಗಿದೆ. ಡಾಕ್ಟರು ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದೆ. ಪುಟದ ಮೂಲೆಯ ಹವಾಮಾನ ವರದಿಯಂತೆ ಅದನ್ನು ಯಾರೂ ಗಮನಿಸಲಿಲ್ಲ. ಚಹಾ ತಂದಿಟ್ಟ ಅಶ್ವಿನಿ ಅಲ್ಲೇ ನಿಂತಳು.

‘ಹೆಣ್ಣು ಹಾರ್ಮೋನ್ ನಿಮ್ಮ ಮಗನ ಮೈಯಾಗೂ ಅದರಿ ಅತ್ತಿ. ಹಂಗಂತ ಅವರಿಗಿ ಬಾಣಂತನ ಯಾವಾಗ ಅಂತ ನಾ ಕೇಳೀನೇನ್ರಿ?’

ವರನ ತಾಯಿ ಕಪ್ಪು ಕೆಳಗಿಟ್ಟರು. ‘ಅವ್ವವ್ವಾ, ಏನ್ ಬಾಯಿರೀ ಇದು! ಇಂಥ ಬಾಯಿ ಇದ್ದಾಕಿ ನಮಗ ಬ್ಯಾಡ್ರಿ.’ ಸಂಬಂಧ ಅಲ್ಲಿಗೆ ಮುರಿಯಿತು.

ಅಕ್ಕ ಅಳುತ್ತಾಳೆಂದುಕೊಂಡೆ. ಅವಳು ಬಾಗಿಲಿಗೆ ಹೋಗಿ ನೋಡಿ, ಅವರು ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು ಬಂದಳು. ‘ಕೇಳಿದಿಲ್ಲೋ ತಮ್ಮಾ? ಬಾಯಿ ಜೋರದ ಅಂತ ಬಿಟ್ಟು ಹೋದ್ರು. ಜಡ್ಡು ಅದ ಅಂತ ಅಲ್ಲ. ನಾಳಿ ಯಾರ್ ಕೇಳಿದ್ರೂ ಹಂಗೇ ಹೇಳೋಣು.’

‘ಹೇಳವ್ವಾ, ನಂದೇನ್ ಅಡ್ಡಿ ಇಲ್ಲ’ ಎಂದಳು ಅಶ್ವಿನಿ, ಅವರು ಕುಡಿಯದೆ ಬಿಟ್ಟ ಚಹಾವನ್ನು ತಾನೇ ಎತ್ತಿಕೊಂಡು.

ನಮ್ಮ ಕಡೆ ಬಾಯಿ ಜೋರಿದ್ದವಳಿಗೆ ತಡವಾಗಿಯಾದರೂ ವರ ಸಿಗುತ್ತಾನೆ. ಅವಳನ್ನು ಪಳಗಿಸುತ್ತೇನೆಂದು ನಂಬಿರುವ ಅತ್ತೆಯರಿಗೆ ಬರವಿಲ್ಲ. ಜಡ್ಡಿನವಳು, ಕಾಯಿಲೆಯವಳು ಎನಿಸಿಕೊಂಡವಳಿಗೆ ಆ ಭರವಸೆಯೂ ಇಲ್ಲ. ಅಕ್ಕ ಎರಡು ಕಳಂಕಗಳನ್ನು ತೂಗಿ ನೋಡಿ, ಹಗುರಾದದ್ದನ್ನು ಮಗಳಿಗೆ ಆರಿಸಿ ಕೊಟ್ಟಿದ್ದಳು. ತಾಯ್ತನದಲ್ಲಿ ಇದೂ ಒಂದು ಕೆಲಸವೆಂದು ನಾನು ಎಲ್ಲೂ ಓದಿರಲಿಲ್ಲ.