ಬೋಳುತಲೆಗೆ ಕೊಬ್ಬರಿ ಎಣ್ಣೆ

ಚಳಿಗಾಲ ಬಂತೆಂದರೆ ಮಡಿಕೇರಿ ಬಳಿಯ ನಮ್ಮ ಗಾಳಿಬೀಡಿನಲ್ಲಿ ಕೊಬ್ಬರಿ ಎಣ್ಣೆ ಶೀಶೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ, ತಲೆಕೆಳಗು ಮಾಡಿ ಕುಲುಕಿದರೂ ಒಂದು ತೊಟ್ಟೂ ಇಳಿಸದೆ ಹಠ ಹಿಡಿದು ಕೂರುತ್ತದೆಂಬುದು, ನೀವು ಮಂಗಳೂರಿನ ಕಡೆಯವರಾದರೆ, ನಿಮ್ಮ ಅನುಭವಕ್ಕೆ ಬಂದಿರಲಾರದು. ಇದಕ್ಕೆ ಲೋಕದಲ್ಲಿ ನಾನಾ ಪರಿಹಾರಗಳಿವೆ. ಶೀಶೆಯನ್ನು ಬಿಸಿಲಿಗಿಡಬಹುದು, ಕಡ್ಡಿ ಹಾಕಿ ಕೆದಕಬಹುದು. ನಮ್ಮ ಅವ್ವನ ಪದ್ಧತಿಯೇ ಬೇರೆ. ಬಚ್ಚಲೊಲೆಗೆ ಕಾಫಿ ಗಿಡದ ಕಟ್ಟಿಗೆ ತುರುಕಿ, ಹಂಡೆಯ ನೀರು ಕಾಯುತ್ತಿದ್ದಂತೆ ಅದರ ಕಂಠದ ಮೇಲೆ ಶೀಶೆಯನ್ನಿಟ್ಟು, ಎಣ್ಣೆ ಕರಗುವವರೆಗೆ ಪಕ್ಕದ ಮಣೆಯ ಮೇಲೆ ಕಾವಲು ಕೂರುವುದು. ನಾನು ಸ್ಕೂಲಿಗೆ ಹೋಗುವಾಗಲೂ ಹೀಗೆಯೇ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೂ ಹೀಗೆಯೇ.

ಅಷ್ಟು ಉಪಚಾರಕ್ಕೆ ಯೋಗ್ಯವಾದ ಕೇಶರಾಶಿ ನನ್ನದಾಗಿತ್ತೆಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ, ಏಕೆಂದರೆ ಪರೀಕ್ಷಿಸಿ ನೋಡಲು ಒಂದು ಎಳೆಯೂ ಉಳಿದಿಲ್ಲ. ವಿದ್ಯಾರ್ಥಿಗಳು ನನ್ನನ್ನು ಬೆನ್ನ ಹಿಂದೆ ‘ಕೂದಲು ಮೇಷ್ಟ್ರು’ ಎನ್ನುತ್ತಿದ್ದರು. ನನ್ನ ಪಾಂಡಿತ್ಯಕ್ಕೆ ಇಂಥದೊಂದು ಬಿರುದು ಬರಲಿಲ್ಲವಲ್ಲ ಎಂಬ ಸಣ್ಣ ಕೊರಗಿದ್ದರೂ, ಸಹೋದ್ಯೋಗಿಗಳ ತಲೆಗಳು ಒಂದೊಂದಾಗಿ ಬಯಲಾಗುತ್ತಿದ್ದುದನ್ನು ಕಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಕಳೆದ ಮಳೆಗಾಲದ ಕೊನೆಗೆ ನನ್ನ ಕರುಳಿನಲ್ಲಿ ಕ್ಯಾನ್ಸರ್ ಇದೆಯೆಂದು ಮೈಸೂರಿನ ಡಾಕ್ಟರು ಹೇಳಿದರು. ಕೀಮೋ ಶುರುವಾಯಿತು. ಕೂದಲು ಹೋಗುತ್ತದೆ ಎಂದು ನರ್ಸ್ ಮೊದಲೇ ಎಚ್ಚರಿಸಿದ್ದರೂ, ಒಂದು ಬೆಳಗ್ಗೆ ತಲೆದಿಂಬು ನನಗಿಂತ ಕೇಶವಂತವಾಗಿ ಕಂಡಾಗ ನಂಬಲಾರದೆ ಬಾಚಣಿಗೆ ಎತ್ತಿಕೊಂಡೆ. ಆಡಿಸಿದರೆ ಹಿಡಿ ಹಿಡಿಯಾಗಿ ಬರುತ್ತಿತ್ತು. ಅಲ್ಲೇ ಮೈಸೂರಿನಲ್ಲಿ ಕಟಿಂಗ್ ಶಾಪಿಗೆ ಹೋಗಿ, ಉಳಿದದ್ದನ್ನೂ ಬೋಳಿಸಿಕೊಂಡೆ. ಕನ್ನಡಿಯಲ್ಲಿ ಕಂಡ ಮನುಷ್ಯ ಸಾಯಲಿಕ್ಕೆ ಹೊರಟವನಂತೆ ಕಂಡ. ನನಗೆ ಭಯವಾಯಿತು. ಆದರೆ ಅದಕ್ಕಿಂತ ದೊಡ್ಡ ಚಿಂತೆ, ಈ ತಲೆ ಹೊತ್ತು ಅವ್ವನ ಮುಂದೆ ಹೇಗೆ ನಿಲ್ಲುವುದು ಎಂಬುದು. ಹೊಟ್ಟೆಹುಣ್ಣಿಗೆ ಔಷಧಿ ತರಲು ಹೋಗಿದ್ದೇನೆಂದು ಅವಳಿಗೆ ಹೇಳಿದ್ದೆವು. ಎಂಬತ್ತು ದಾಟಿದ ಜೀವ. ಇನ್ನೊಬ್ಬ ಮಗನನ್ನು ಹಿಂದೆಯೇ ಕಳೆದುಕೊಂಡವಳು. ಮತ್ತೊಮ್ಮೆ ಅದೇ ಭಯವನ್ನು ಅವಳ ಮಡಿಲಿಗೆ ಹಾಕಲಾರೆನೆಂದು ನಾನೂ ನನ್ನ ಹೆಂಡತಿ ಸರಸುವೂ ನಿಶ್ಚಯಿಸಿದ್ದೆವು. ಧರ್ಮಸ್ಥಳಕ್ಕೆ ಹರಕೆಯಿತ್ತು, ಮುಡಿ ಕೊಟ್ಟು ಬಂದೆವು ಎಂದರಾಯಿತು ಎಂದು ಸರಸು ಉಪಾಯ ಹೇಳಿದಳು.

ನಮ್ಮ ಕಡೆ ಗಂಡಸೊಬ್ಬ ನುಣ್ಣಗೆ ತಲೆ ಬೋಳಿಸಿ ಬಿಳಿ ಪಂಚೆಯುಟ್ಟು ರಸ್ತೆಗಿಳಿದರೆ ಅದಕ್ಕೊಂದೇ ಅರ್ಥ: ಅಪ್ಪನೋ ಅವ್ವನೋ ತೀರಿಕೊಂಡಿದ್ದಾರೆ. ಅಪ್ಪ ಹೋಗಿ ಬಹಳ ವರ್ಷವಾದದ್ದು ಊರಿಗೆಲ್ಲ ಗೊತ್ತು. ಹೊಟ್ಟೆಗೆ ಪ್ಯಾಂಟಿನ ಬಿಗಿತ ತಾಳದೆ ಪಂಚೆಯುಟ್ಟಿದ್ದ ನಾನು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪೂವಯ್ಯನವರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಎಂತ ಸಾರ್ ಇದು, ನಮಗೊಂದು ಮಾತು ತಿಳಿಸೋದಲ್ವಾ? ಎಷ್ಟು ಒಳ್ಳೆ ಜೀವ! ನಾನು ಬಂದಾಗಲೆಲ್ಲ ಕಾಫಿ ಕೊಡದೆ ಕಳಿಸಿದವರಲ್ಲ.”

ಅವರ ಕಣ್ಣು ನಿಜಕ್ಕೂ ತುಂಬಿತ್ತು. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಮತ್ತೇನು ಎಂಬುದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಹೆತ್ತವಳನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತ ನಿಲುವಿನಲ್ಲೇ ಸಾಯಿಸಿ, ಸರಸುವಿನೊಡನೆ ಜೀಪು ಹತ್ತಿದೆ.

ಮನೆಯಲ್ಲಿ ಅವ್ವ ನನ್ನ ತಲೆಯನ್ನು ಒಂದು ಗಳಿಗೆ ನೋಡಿ, “ಪ್ರಸಾದ ಎಲ್ಲಿ?” ಎಂದಳು. ಅದೊಂದನ್ನು ನಾವು ಯೋಚಿಸಿಯೇ ಇರಲಿಲ್ಲ. ಬಸ್ಸಿನಲ್ಲಿ ಮರೆತು ಬಂದೆವು ಅತ್ತೆ ಎಂದು ಸರಸು ತಡವರಿಸಿದಳು.

ಮಾರನೆಯ ದಿನ ಪೂವಯ್ಯನವರು ಹೆಂಡತಿ ಸಮೇತ ಬಿಳಿ ಬಟ್ಟೆಯುಟ್ಟು, ಮುಖ ಇಳಿಬಿಟ್ಟು ಬಂದು ಜಗಲಿಯ ಮೇಲೆ ಕೂತರು. ನಾನು ಬಾಯಿ ತೆರೆಯುವ ಮೊದಲೇ, ತೀರಿಕೊಂಡವಳೇ ಒಳಗಿನಿಂದ ಕಾಫಿ ಹಿಡಿದು ಬಂದಳು. ಪೂವಯ್ಯನವರ ಹೆಂಡತಿ ಲೋಟ ಹಿಡಿಯುವ ಮೊದಲು ಅವ್ವನ ಪಾದ ಹಿಂದುಮುಂದಾಗಿದೆಯೇ ಎಂದು ಬಗ್ಗಿ ನೋಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

“ಯಾರ ಸಾವಿಗೆ ಹೋಗಿದ್ರಿ ಪೂವಯ್ಯ?” ಅವ್ವ ಅವರ ಬಿಳಿ ಬಟ್ಟೆ ನೋಡಿ ಕೇಳಿದಳು.

“ಇಲ್ಲಮ್ಮಾ... ಇಲ್ಲೇ... ಹತ್ತಿರದಲ್ಲೇ...”

“ಪಾಪ. ಕುಡೀರಿ, ಸಕ್ಕರೆ ಸಾಲದಿದ್ರೆ ಹೇಳಿ” ಎಂದವಳ ದೃಷ್ಟಿ ಅವರ ಬಟ್ಟೆಯಿಂದ ನನ್ನ ತಲೆಗೆ ಬಂದು, ಅಲ್ಲೇ ನಿಂತಿತು. ಅವರು ಅರ್ಧ ಕಾಫಿ ಬಿಟ್ಟು ಎದ್ದರು.

ಆ ಸಂಜೆ ಅವ್ವ ಊಟಕ್ಕೆ ಕರೆದಳು, ಬಡಿಸಿದಳು. ಅವ್ವನ ಎದುರು ತಲೆ ಬೋಳಿಸಿ ಕೂರುವ ಮಗನೆಂದರೆ ಎಂಥ ಅಪಶಕುನವೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಅವಳಿಗಾಗಿ ಎಂದೋ ಮಾಡಬೇಕಾದದ್ದನ್ನು ನಾನು ಅವಳ ಕಣ್ಣೆದುರೇ ಮುಗಿಸಿಬಿಟ್ಟಿದ್ದೆ. ಮುಂದೆ ಅದನ್ನು ಮಾಡಲು ನಾನು ಇರುತ್ತೇನೋ ಇಲ್ಲವೋ ಎಂಬ ಯೋಚನೆ ಬಂದದ್ದೇ ತಟ್ಟೆಯಲ್ಲೇ ಕೈ ತೊಳೆದೆ.

ಕೀಮೋ ಮುಂದುವರಿಯಿತು. ನಂತರದ ಸರದಿ ನನ್ನ ಹುಬ್ಬುಗಳದ್ದು. ಅವು ಯಾರಿಗೂ ಹೇಳದೆ ಕೇಳದೆ ಹೋದವು. ನಾನು ಕನ್ನಡಿ ನೋಡುವುದನ್ನೇ ಬಿಟ್ಟಿದ್ದರಿಂದ ನನಗೂ ತಿಳಿಯಲಿಲ್ಲ. ಆ ಹೊತ್ತಿಗೆ ಚಳಿ ಬಿದ್ದಿತ್ತು. ಒಂದು ಬೆಳಗ್ಗೆ ಬಚ್ಚಲಿಗೆ ಹೋದರೆ ಹಂಡೆಯ ಕಂಠದ ಮೇಲೆ ಎಣ್ಣೆ ಶೀಶೆ ಕೂತಿತ್ತು, ಪಕ್ಕದ ಮಣೆಯ ಮೇಲೆ ಅವ್ವ. ಯಾವ ತಲೆಗೆ ಈ ಎಣ್ಣೆ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಕೂರು ಎಂದಳು, ಕೂತೆ. ಬೆಚ್ಚನೆಯ ಎಣ್ಣೆಯನ್ನು ನೆತ್ತಿಗೆ ಹೊಯ್ದು ಉಜ್ಜುತ್ತ ಬಂದ ಅವಳ ಹೆಬ್ಬೆರಳು ಹಣೆಗಿಳಿದು, ಹುಬ್ಬಿರಬೇಕಾದ ಜಾಗವನ್ನು ಒಮ್ಮೆ ಸವರಿತು. ಮತ್ತೊಮ್ಮೆ ಸವರಿತು.

“ಹರಕೆಗೆ ಹುಬ್ಬೂ ಕೊಡುದುಟ್ಟಾ ಮಗ?”

ಮನೆಯಲ್ಲಿ ನಾವಾಡುವುದು ಅರೆಭಾಷೆ, ಕೊಡಗಿನ ಒಂದು ಬಗೆಯ ಕನ್ನಡ. ಹುಬ್ಬನ್ನೂ ಕೊಡುವುದುಂಟೇ ಎಂದು ಅವಳು ಕೇಳಿದ್ದಕ್ಕೆ, ಜೀವಮಾನವಿಡೀ ಕನ್ನಡ ಪಾಠ ಹೇಳಿದವನು ಕೊಟ್ಟ ಉತ್ತರ ಒಂದು ಇಂಗ್ಲಿಷ್ ಪದ. ಕ್ಯಾನ್ಸರ್ ಅವ್ವ, ಎಂದೆ. ತಲೆಯ ಮೇಲಿನ ಕೈ ನಿಂತಿತು. ನಾನು ಮಗುವಿನಂತೆ ಅತ್ತೆ, ಅದನ್ನೇಕೆ ಮುಚ್ಚಿಡಲಿ? ಅವಳು ಅಳಲಿಲ್ಲ. ಮತ್ತೆ ಅಂಗೈಗೆ ಎಣ್ಣೆ ಬಗ್ಗಿಸಿಕೊಂಡು, ಮೊದಲಿಗಿಂತ ಜೋರಾಗಿ ಉಜ್ಜತೊಡಗಿದಳು.

“ಸುಮ್ನೆ ಕೂರ್. ಎಣ್ಣೆ ಬೇರಿಗೆ ಇಳಿಯೆಕು. ನಾ ಹೋದ ದಿನ ಬೋಳ್ಸಿಕೆ ನಿನ್ನ ತಲೆಲಿ ಕೂದ್ಲು ಬೇಕಲ್ಲ.”

ಮೊನ್ನೆ ಡಾಕ್ಟರು ಹೊಸ ಸ್ಕ್ಯಾನ್ ನೋಡಿದರು. ಮದ್ದು ಬದಲಿಸೋಣ ಎಂದಷ್ಟೇ ಹೇಳಿದರು; ಅವರ ದನಿ ನನಗೆ ಹಿಡಿಸಲಿಲ್ಲ. ಅವ್ವನಿಗೆ ಅದನ್ನೂ ಹೇಳಿದ್ದೇನೆ. ಈಗ ಅವಳಿಗೆ ಸುಳ್ಳು ಹೇಳುವುದಿಲ್ಲ. ದಿನಾ ಬೆಳಗ್ಗೆ ಎಣ್ಣೆ ಹಚ್ಚುವ ಮೊದಲು ಅವಳು ನನ್ನ ನೆತ್ತಿಯ ಮೇಲೆ ಅಂಗೈಯಾಡಿಸಿ ಏನಾದರೂ ಚುಚ್ಚುತ್ತದೆಯೇ ಎಂದು ನೋಡುತ್ತಾಳೆ. ಇನ್ನೂ ಏನೂ ಚುಚ್ಚುವುದಿಲ್ಲ.

ಈ ಬೆಳಗ್ಗೆ ಚಳಿ ವಿಪರೀತವಿತ್ತು. ಶೀಶೆಯಲ್ಲಿ ಎಣ್ಣೆ ಕಲ್ಲಾಗಿತ್ತು, ಕರಗಲು ಬಹಳ ಹೊತ್ತು ಹಿಡಿಯಿತು. ಅವ್ವ ಹಂಡೆಯ ಪಕ್ಕ ಕಾದು ಕೂತಿದ್ದಳು. ನಾನೂ ಇನ್ನೊಂದು ಮಣೆ ಎಳೆದುಕೊಂಡು ಅವಳ ಪಕ್ಕ ಕೂತೆ.